13 ದಿನ, 9 ವಿಮಾನವೋ 10 ವಿಮಾನವೋ: ಇಂದ್ರ ಲಾಲ್ ರಾಯ್ ಕತೆಯಲ್ಲಿ ನಿಜ ಎಷ್ಟು?

ಅಕ್ಟೋಬರ್ 8ರ ವಾಯುಪಡೆ ದಿನ ಬಂತೆಂದರೆ ನಮ್ಮ ಎಂಜಿನಿಯರಿಂಗ್ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ತಪ್ಪದೆ ಬರುತ್ತೆ. ಸಮವಸ್ತ್ರ ತೊಟ್ಟ ಹುಡುಗನ ಕಪ್ಪುಬಿಳುಪು ಫೋಟೋ, ಕೆಳಗೆ ನಾಲ್ಕು ಸಾಲು. ಭಾರತದ ಮೊದಲ ಪೈಲಟ್. ಬ್ರಿಟಿಷರೇ ತಲೆಬಾಗಿದ ದೇಶಭಕ್ತ. ಅವನು ಸತ್ತಾಗ ಜರ್ಮನಿಯ 'ರೆಡ್ ಬ್ಯಾರನ್' ಖುದ್ದಾಗಿ ಆಕಾಶದಿಂದ ಹೂಹಾರ ಹಾಕಿದನಂತೆ. ಕಳೆದ ಸಲ ಇದರ ಕೆಳಗೆ ದೊಡ್ಡ ಜಗಳವೇ ಆಯ್ತು. ಒಬ್ಬ ಸೆಲ್ಯೂಟ್ ಇಮೋಜಿ ಹಾಕಿದ, ಇನ್ನೊಬ್ಬ 'ಬ್ರಿಟಿಷ್ ರಾಜನ ಸಂಬಳ ತಿಂದವನು ಯಾವ ಸೀಮೆ ದೇಶಭಕ್ತ?' ಅಂದ. ಮುಂದೆ ಎಲ್ಲಿಗೆ ಹೋಗಿರುತ್ತೆ ಅಂತ ನಿಮಗೆ ಗೊತ್ತೇ ಇದೆ.

ಜಗಳ ಆಡಿದ ಎರಡೂ ಕಡೆಯವರಿಗೆ ಆ ಹುಡುಗನ ಬಗ್ಗೆ ಹೆಚ್ಚೇನೂ ತಿಳಿದಿರಲಿಲ್ಲ. ನನಗೂ ತಿಳಿದಿರಲಿಲ್ಲ. ಆಮೇಲೆ ಕೂತು ಓದಿಕೊಂಡಿದ್ದು ಇಲ್ಲಿದೆ.

ಮೊದಲು ಸುಲಭದ್ದು. ರೆಡ್ ಬ್ಯಾರನ್ ಅಂದರೆ ಮಾನ್‌ಫ್ರೆಡ್ ಫಾನ್ ರಿಚ್ಟ್‌ಹೋಫೆನ್. ಆತ ಸತ್ತಿದ್ದು 1918ರ ಏಪ್ರಿಲ್ 21ರಂದು. ಇಂದ್ರ ಲಾಲ್ ರಾಯ್ ಸತ್ತಿದ್ದು ಅದೇ ವರ್ಷ ಜುಲೈ 22ರಂದು. ಮೂರು ತಿಂಗಳ ಹಿಂದೆ ಮಣ್ಣಾದವನು ಹಾರ ಹಾಕೋಕೆ ಆಗಲ್ಲ. 'ಮೊದಲ ಪೈಲಟ್' ಅನ್ನೋದನ್ನೂ ಹಾಗೇ ಒಪ್ಪಿಬಿಡೋಕೆ ಬರಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುದಳದ ಪೈಲಟ್‌ಗಳಾಗಿ ಹಾರಿದ ನಾಲ್ವರು ಭಾರತೀಯರ ಹೆಸರು ಇತಿಹಾಸದಲ್ಲಿ ಸಿಗುತ್ತೆ, ರಾಯ್ ಅವರಲ್ಲೊಬ್ಬ. ಐದು ಅಥವಾ ಅದಕ್ಕಿಂತ ಹೆಚ್ಚು ಶತ್ರು ವಿಮಾನ ಹೊಡೆದವನನ್ನು 'ಏಸ್' ಅಂತ ಕರೀತಾರಲ್ಲ, ಆ ಯುದ್ಧದಲ್ಲಿ ಆ ಲೆಕ್ಕ ಮುಟ್ಟಿದ ಭಾರತೀಯ ಮಾತ್ರ ಇವನೊಬ್ಬನೇ. ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಅಥವಾ ಡಿಎಫ್‌ಸಿ ಎಂಬ ಶೌರ್ಯ ಪದಕ ಪಡೆದ ಮೊದಲ ಭಾರತೀಯನೂ ಇವನೇ. (ಏಕವಚನಕ್ಕೆ ಕ್ಷಮೆ ಇರಲಿ. ಹತ್ತೊಂಬತ್ತರ ಹುಡುಗನನ್ನು 'ಅವರು' ಅನ್ನೋಕೆ ನನಗೆ ನಾಲಿಗೆ ಹೊರಳಲ್ಲ.)

ಬೈಕ್ ಮಾರಿ ಕಣ್ಣು ತೋರಿಸಿದ

ಹುಟ್ಟಿದ್ದು 1898ರ ಡಿಸೆಂಬರ್ 2ರಂದು, ಕಲ್ಕತ್ತಾದಲ್ಲಿ. ಮನೆತನದ ಮೂಲ ಈಗಿನ ಬಾಂಗ್ಲಾದೇಶದ ಬಾರಿಸಾಲ್ ಕಡೆ. ಅಪ್ಪ ಪಿಯಾರಿ ಲಾಲ್ ರಾಯ್ ಬ್ಯಾರಿಸ್ಟರ್. ಮಕ್ಕಳ ಓದಿಗೆಂದು ಕುಟುಂಬ ಲಂಡನ್ನಿನಲ್ಲಿ ನೆಲೆಸಿತ್ತು. ಫಾರ್ವರ್ಡ್‌ಗಳಲ್ಲಿ ಎಂದೂ ಬಾರದ ಹೆಸರು ಅಮ್ಮನದು: ಲೊಲಿತಾ ರಾಯ್. 1911ರ ಜೂನ್ 17ರಂದು ಲಂಡನ್ನಿನಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ಒಂದು ದೊಡ್ಡ ಮೆರವಣಿಗೆ ನಡೆಯಿತು. ಅದರಲ್ಲಿ ಸೀರೆ ಉಟ್ಟು ನಿಂತ ಭಾರತೀಯ ಹೆಂಗಸರ ಪುಟ್ಟ ತಂಡದ ಫೋಟೋ ಇವತ್ತಿಗೂ ಓಡಾಡುತ್ತೆ, ನೀವೂ ನೋಡಿರಬಹುದು. ಆ ತಂಡವನ್ನು ಕೂಡಿಸುವುದರಲ್ಲಿ ಲೊಲಿತಾ ಅವರ ಕೈ ಇತ್ತು. ಅಣ್ಣ ಪರೇಶ್ ಲಾಲ್ ರಾಯ್ ಯುದ್ಧದಲ್ಲಿ ಆನರೇಬಲ್ ಆರ್ಟಿಲರಿ ಕಂಪನಿಯಲ್ಲಿದ್ದ, ಮುಂದೆ ಭಾರತದಲ್ಲಿ ಬಾಕ್ಸಿಂಗ್ ಬೇರೂರಲು ಕಾರಣನಾದ. ಅಂದರೆ ಇದು ಸಾಮಾನ್ಯ ಮನೆ ಅಲ್ಲ, ದುಡ್ಡು, ಇಂಗ್ಲಿಷು, ಸಂಪರ್ಕ ಮೂರೂ ಇದ್ದ ಮನೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇಂದ್ರ ಓದಿದ್ದು ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ. ಮನೆಯಲ್ಲಿ, ಗೆಳೆಯರಲ್ಲಿ ಅವನ ಹೆಸರು 'ಲ್ಯಾಡಿ'. ಯುದ್ಧ ಶುರುವಾದಾಗ ಅವನಿಗೆ ಹದಿನೈದು. ಕಂದಕದಿಂದ ಶೆಲ್ ಹಾರಿಸುವ ಮಾರ್ಟರಿನ ವಿನ್ಯಾಸ ಬರೆದು ಯುದ್ಧ ಇಲಾಖೆಗೇ ಕಳಿಸಿದ್ದನಂತೆ. ಹಾಸ್ಟೆಲ್ ರೂಮಿನಲ್ಲಿ ಕೂತು ಇಂಥ ಕಾಗದದ ಯಂತ್ರಗಳನ್ನು ನಾನೂ ಬರೆದಿದ್ದೇನೆ, ಯಾರಿಗೂ ಕಳಿಸುವ ಧೈರ್ಯ ಮಾತ್ರ ಬರಲಿಲ್ಲ.

18 ತುಂಬುತ್ತಿದ್ದಂತೆ ವಾಯುದಳಕ್ಕೆ ಅರ್ಜಿ ಹಾಕಿದ. ದೃಷ್ಟಿ ಸರಿ ಇಲ್ಲ ಅಂತ ತಿರಸ್ಕರಿಸಿದರು. ಅವನು ತನ್ನ ಮೋಟಾರ್ ಬೈಕ್ ಮಾರಿ, ಆ ದುಡ್ಡಿನಲ್ಲಿ ಹೆಸರಾಂತ ಕಣ್ಣಿನ ತಜ್ಞರೊಬ್ಬರ ಹತ್ತಿರ ಮತ್ತೆ ಪರೀಕ್ಷೆ ಮಾಡಿಸಿ, ತೀರ್ಪನ್ನು ತಿರುಗಿಸಿದ ಅಂತ ಕತೆ ಹೇಳುತ್ತೆ. 1917ರ ಏಪ್ರಿಲ್‌ನಲ್ಲಿ ರಾಯಲ್ ಫ್ಲೈಯಿಂಗ್ ಕೋರ್ ಸೇರಿದ. ಜುಲೈ 5ರಂದು ಸೆಕೆಂಡ್ ಲೆಫ್ಟಿನೆಂಟ್ ಆದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಭಾರತೀಯ ಸೇನೆಯಲ್ಲಿ ಆಗ ಒಬ್ಬ ಭಾರತೀಯ ಎಷ್ಟೇ ಪರಾಕ್ರಮಿಯಾಗಿರಲಿ, ಸುಬೇದಾರ್, ಸುಬೇದಾರ್ ಮೇಜರ್‌ಗಿಂತ ಮೇಲೇರುವಂತಿರಲಿಲ್ಲ. ಇಪ್ಪತ್ತು ವರ್ಷ ಸೇವೆ ಮಾಡಿದ ಸುಬೇದಾರ್ ಕೂಡ ನಿನ್ನೆ ಮೊನ್ನೆ ಬಂದ ಬಿಳಿ ಲೆಫ್ಟಿನೆಂಟನಿಗೆ ಸೆಲ್ಯೂಟ್ ಹೊಡೆಯಬೇಕಿತ್ತು. ಕಾದಾಡುವ ದಳಗಳಲ್ಲಿ ಭಾರತೀಯರಿಗೂ ರಾಜನ ಕಮಿಷನ್ ಕೊಡುತ್ತೇವೆ ಎಂದು ಬ್ರಿಟಿಷ್ ಸರ್ಕಾರ ಪ್ರಕಟಿಸಿದ್ದು 1917ರ ಆಗಸ್ಟ್ 20ರಂದು. ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯಲ್ಲಿ ಭಾರತೀಯರಿಗೆ ಸೀಟು ಸಿಕ್ಕಿದ್ದು 1918ರಲ್ಲಿ, ಅದೂ ವರ್ಷಕ್ಕೆ ಬರೀ ಹತ್ತು. ರಾಯ್‌ಗೆ ಕಮಿಷನ್ ಸಿಕ್ಕಿದ್ದು ಆ ಪ್ರಕಟಣೆಗೂ ಆರೂವರೆ ವಾರ ಮುಂಚೆ. ಹೇಗೆ? ವಾಯುದಳ ಹೊಸತು, ಪೈಲಟ್‌ಗಳು ನೊಣದ ಹಾಗೆ ಸಾಯುತ್ತಿದ್ದರು, ಜನ ಬೇಕಿತ್ತು. ಯುದ್ಧಕಾಲದ ತಾತ್ಕಾಲಿಕ ಹುದ್ದೆ ಅದು. ಜೊತೆಗೆ ಲಂಡನ್ನಿನ ಒಳ್ಳೆ ಶಾಲೆಯ ಹುಡುಗ. ಬಾಗಿಲು ತೆರೆದಿರಲಿಲ್ಲ, ಗೋಡೆಯಲ್ಲಿ ಒಂದು ಸಂದಿ ಇತ್ತು, ಅಷ್ಟೆ.

ಶವಾಗಾರದಿಂದ ಎದ್ದು ಬಂದವನು

ತರಬೇತಿ ಮುಗಿದ ಮೇಲೆ 1917ರ ಅಕ್ಟೋಬರ್ ಕೊನೆಯಲ್ಲಿ ಫ್ರಾನ್ಸಿನಲ್ಲಿದ್ದ 56ನೇ ಸ್ಕ್ವಾಡ್ರನ್‌ಗೆ ಹೋದ. ಬ್ರಿಟಿಷರ ಅತ್ಯಂತ ಹೆಸರುವಾಸಿ ಯುದ್ಧವಿಮಾನ ದಳಗಳಲ್ಲಿ ಅದೊಂದು. ಡಿಸೆಂಬರ್ 6ರಂದು ಅವನ ವಿಮಾನ ಅಪಘಾತಕ್ಕೀಡಾಯಿತು. ಸತ್ತ ಅಂತ ತಿಳಿದು ಆಸ್ಪತ್ರೆಯವರು ಶವಾಗಾರದಲ್ಲಿ ಮಲಗಿಸಿಬಿಟ್ಟರು, ರಾತ್ರಿ ಎಚ್ಚರವಾದವನು ಬೀಗ ಹಾಕಿದ ಬಾಗಿಲು ಬಡಿದು ಶಾಲೆಯಲ್ಲಿ ಕಲಿತ ಅರೆಬರೆ ಫ್ರೆಂಚ್‌ನಲ್ಲಿ ಕೂಗಿದ, ಕಾವಲಿನವನು ದೆವ್ವ ಅಂತ ಹೆದರಿ ಬಾಗಿಲೇ ತೆಗೆಯಲಿಲ್ಲ ಅನ್ನೋ ಕತೆ ಬಹಳ ಪ್ರಸಿದ್ಧ. ಬಾಯಿಂದ ಬಾಯಿಗೆ ಬಂದ ಕತೆಯ ರುಚಿ ಇದರಲ್ಲಿದೆ, ಹಾಗಾಗಿ ಕತೆ ಅಂತಲೇ ಹೇಳುತ್ತಿದ್ದೇನೆ. ಅಪಘಾತ ಮತ್ತು ಗಾಯ ಮಾತ್ರ ದಾಖಲಾದ ವಿಷಯ.

ಚೇತರಿಸಿಕೊಳ್ಳುವಾಗ ಅವನು ವಿಮಾನಗಳ ಚಿತ್ರ ಬರೆಯುತ್ತಿದ್ದ. ಕೆಲವು ಇವತ್ತಿಗೂ ಉಳಿದಿವೆ. ವೈದ್ಯರು ಹಾರಾಟಕ್ಕೆ ಯೋಗ್ಯನಲ್ಲ ಅಂದಿದ್ದರು. ಸಲಕರಣೆ ನೋಡಿಕೊಳ್ಳುವ ಅಧಿಕಾರಿಯ ಕೆಲಸ ಕೊಟ್ಟಿದ್ದರು, ಯುದ್ಧ ಮುಗಿಯುವ ತನಕ ಅಲ್ಲೇ ಇದ್ದಿದ್ದರೆ ಬದುಕಿರುತ್ತಿದ್ದ. ಅವನು ಬೆನ್ನು ಬಿಡದೆ ಕೇಳಿ ಕೇಳಿ ಮತ್ತೆ ಹಾರಾಟಕ್ಕೆ ಅನುಮತಿ ಪಡೆದ. 1918ರ ಜೂನ್ 19ರಂದು 40ನೇ ಸ್ಕ್ವಾಡ್ರನ್ ಸೇರಿದ. ಅಲ್ಲಿ ಅವನ ಫ್ಲೈಟ್ ಕಮಾಂಡರ್ ಐರ್ಲೆಂಡಿನ ಜಾರ್ಜ್ ಮೆಕೆಲ್‌ರಾಯ್, ನಲವತ್ತಕ್ಕೂ ಹೆಚ್ಚು ವಿಮಾನ ಹೊಡೆದ ಲೆಕ್ಕ ಅವನ ಹೆಸರಿನಲ್ಲಿದೆ. ಒಂದು ವಸಾಹತಿನ ಹುಡುಗ, ಇನ್ನೊಂದು ವಸಾಹತಿನವನ ಕೈಕೆಳಗೆ, ಇಬ್ಬರೂ ಒಂದೇ ರಾಜನಿಗಾಗಿ. ಎರಡು ವರ್ಷ ಮುಂಚೆ, 1916ರಲ್ಲಿ, ಡಬ್ಲಿನ್‌ನಲ್ಲಿ ದಂಗೆ ಎದ್ದಿತ್ತು ಅನ್ನೋದು ನೆನಪಿರಲಿ.

ಯಂತ್ರದ ಬಗ್ಗೆ ಎರಡು ಮಾತು

ಇಲ್ಲಿ ನನ್ನೊಳಗಿನ ಎಂಜಿನಿಯರ್ ಸುಮ್ಮನಿರಲ್ಲ, ಸಹಿಸಿಕೊಳ್ಳಿ. ರಾಯ್ ಹಾರಿಸಿದ್ದು ಎಸ್‌ಇ-5ಎ ಅನ್ನುವ ಒಂಟಿ ಸೀಟಿನ ವಿಮಾನ. ಮರದ ಚೌಕಟ್ಟು, ಅದರ ಮೇಲೆ ಬಟ್ಟೆ, ಮುಂದೆ ಸುಮಾರು 200 ಅಶ್ವಶಕ್ತಿಯ ಎಂಜಿನ್. ವೇಗ ಹೆಚ್ಚೆಂದರೆ ಗಂಟೆಗೆ 220 ಕಿಲೋಮೀಟರ್ ಆಸುಪಾಸು. ಬಂದೂಕು ಎರಡು. ಒಂದು ವಿಕರ್ಸ್, ತಿರುಗುತ್ತಿರುವ ಪ್ರೊಪೆಲ್ಲರ್ ರೆಕ್ಕೆಗಳ ನಡುವಿನ ಸಂದಿಯಲ್ಲೇ ಗುಂಡು ಹಾರಿಸುವಂಥದ್ದು. ಇದಕ್ಕೆ ರೊಮೇನಿಯಾ ಮೂಲದ ಜಾರ್ಜ್ ಕಾನ್‌ಸ್ಟಾಂಟಿನೆಸ್ಕೊ ಮಾಡಿದ ವ್ಯವಸ್ಥೆ ಅದ್ಭುತವಾದದ್ದು: ಕಬ್ಬಿಣದ ಸರಳು, ಕೀಲುಗಳ ಬದಲು ಕೊಳವೆಯೊಳಗಿನ ಎಣ್ಣೆಯಲ್ಲಿ ಒತ್ತಡದ ಅಲೆ ಎಬ್ಬಿಸಿ ಎಂಜಿನ್ನಿಗೂ ಬಂದೂಕಿಗೂ ತಾಳ ಕೂಡಿಸುವುದು. ಇನ್ನೊಂದು ಲೂಯಿಸ್ ಬಂದೂಕು, ಮೇಲಿನ ರೆಕ್ಕೆಯ ಮೇಲೆ. ಗುಂಡು ಖಾಲಿಯಾದರೆ ಬಂದೂಕನ್ನು ಬಾಗಿದ ಹಳಿಯ ಮೇಲೆ ಕೆಳಗೆಳೆದು, ಎದುರುಗಾಳಿಯಲ್ಲಿ ಭಾರದ ಡ್ರಮ್ ಬಿಚ್ಚಿ ಬೇರೆ ಹಾಕಬೇಕು. ಒಂದು ಕೈಯಲ್ಲಿ ವಿಮಾನ, ಇನ್ನೊಂದರಲ್ಲಿ ಡ್ರಮ್, ಹಿಂದೆ ಯಾರಿದ್ದಾರೆ ಅಂತ ಕತ್ತು ತಿರುಗಿಸುತ್ತಲೇ ಇರಬೇಕು.

ಪ್ಯಾರಾಚೂಟ್ ಇರಲಿಲ್ಲ. 1918ರಲ್ಲಿ ಜರ್ಮನ್ ಪೈಲಟ್‌ಗಳಿಗೆ ಸಿಗಲು ಶುರುವಾಗಿತ್ತು. ಬ್ರಿಟಿಷ್ ಯುದ್ಧವಿಮಾನಗಳ ಪೈಲಟ್‌ಗಳಿಗೆ ಯುದ್ಧ ಮುಗಿಯುವ ತನಕ ಸಿಗಲಿಲ್ಲ. ಬೆಂಕಿ ಹತ್ತಿದರೆ ಸುಟ್ಟುಕೊಂಡು ಇಳಿಯಬೇಕು, ಇಲ್ಲ ಹಾರಬೇಕು.

ಇನ್ನು ಹೊಡೆದಾಟ ಯಾಕೆ? ಸಿನಿಮಾ ನೋಡಿ ನಾವು ಇದನ್ನು ಇಬ್ಬರು ಶೂರರ ದ್ವಂದ್ವಯುದ್ಧ ಅಂದುಕೊಂಡಿದ್ದೇವೆ. ಆಕಾಶದಲ್ಲಿ ಮುಖ್ಯವಾಗಿ ನಡೆಯುತ್ತಿದ್ದ ಕೆಲಸ ಬೇಹುಗಾರಿಕೆ. ಎರಡು ಸೀಟಿನ ವಿಮಾನಗಳು ಕಂದಕಗಳ ಮೇಲೆ ಹಾರಿ ಫೋಟೋ ತೆಗೆಯುತ್ತಿದ್ದವು, ಫಿರಂಗಿಗಳಿಗೆ ಗುರಿ ಹೇಳುತ್ತಿದ್ದವು. ಅಂಥ ಒಂದು ವಿಮಾನ ವಾಪಸ್ಸು ಹೋದರೆ ಸಂಜೆಯೊಳಗೆ ನಿಮ್ಮ ಕಂದಕದ ಮೇಲೆ ಶೆಲ್ ಸುರಿಯಿತು ಅಂತಲೇ ಅರ್ಥ. ಅವನ್ನು ತಡೆಯೋದು ಯುದ್ಧವಿಮಾನಗಳ ಕೆಲಸ. ರಾಯ್ ಹೊಡೆದ ಹತ್ತರಲ್ಲಿ ಆರು ಇಂಥ ಎರಡು ಸೀಟಿನವೇ. ಸುಲಭದ ಬೇಟೆ ಅಂದುಕೊಳ್ಳಬೇಡಿ. ಹ್ಯಾನೋವರ್ ಮಾದರಿಯ ವಿಮಾನ ದೂರದಿಂದ ಒಂಟಿ ಸೀಟಿನದರಂತೆ ಕಾಣುತ್ತಿತ್ತು, ಹಿಂದಿನಿಂದ ಹತ್ತಿರ ಹೋದರೆ ಅಲ್ಲೊಬ್ಬ ಬಂದೂಕು ಹಿಡಿದು ನಿಮ್ಮ ಕಡೆಗೇ ಮುಖ ಮಾಡಿ ಕೂತಿರುತ್ತಿದ್ದ.

ಜುಲೈ 6ರಿಂದ 19

ಜುಲೈ 6: ಡ್ರೊಕೂರ್ ಊರಿನ ಮೇಲೆ ಒಂದು ಹ್ಯಾನೋವರ್, ಅವನ ಮೊದಲ ಗೆಲುವು. ಜುಲೈ 8: ನಾಲ್ಕು ಗಂಟೆಯೊಳಗೆ ಮೂರು, ಎರಡು ಹ್ಯಾನೋವರ್, ಒಂದು ಫೋಕರ್ ಡಿ-7. ಈ ಫೋಕರ್ ಆ ಕಾಲದ ಜರ್ಮನ್ನರ ಅತ್ಯುತ್ತಮ ಯುದ್ಧವಿಮಾನ. 13ರಂದು ಎರಡು, ಒಂದು ಹ್ಯಾನೋವರ್, ಒಂದು ಫಾಲ್ಟ್ಸ್ ಡಿ-3. 15ರಂದು ಎರಡು, ಎರಡೂ ಫೋಕರ್ ಡಿ-7. 18ರಂದು ಒಂದು ಡಿಎಫ್‌ಡಬ್ಲ್ಯು. 19ರಂದು ಇನ್ನೊಂದು ಹ್ಯಾನೋವರ್. ಕೂಡಿಸಿ, ಹತ್ತಾಗುತ್ತೆ. ಅವನ ಒಟ್ಟು ಹಾರಾಟದ ಅನುಭವ ಸುಮಾರು 170 ಗಂಟೆ.

ಆದರೆ ಡಿಎಫ್‌ಸಿ ಕೊಟ್ಟಾಗಿನ ಅಧಿಕೃತ ಉಲ್ಲೇಖ '13 ದಿನಗಳಲ್ಲಿ 9' ಅನ್ನುತ್ತೆ. ಈ ಒಂದು ವಿಮಾನದ ವ್ಯತ್ಯಾಸ ಹಿಡಿದು ಜನ ಬೇರೆ ಬೇರೆ ಸಂಖ್ಯೆ ಬರೀತಾರೆ. ದಿನಾಂಕ ಮುಂದಿಟ್ಟುಕೊಂಡು ನಾನು ಲೆಕ್ಕ ಹಾಕಿದೆ: ಜುಲೈ 6ರಿಂದ 18ರವರೆಗೆ, ಎರಡೂ ದಿನ ಸೇರಿಸಿದರೆ, ಸರಿಯಾಗಿ 13 ದಿನ. ಅಷ್ಟರಲ್ಲಿ ಆದದ್ದು ಸರಿಯಾಗಿ 9. ಪದಕಕ್ಕೆ ಶಿಫಾರಸು ಬರೆದವರು 18ರ ತನಕದ ಲೆಕ್ಕ ಹಿಡಿದಿದ್ದರು ಅಂತ ನನ್ನ ಊಹೆ. 19ರದು ಸೇರಿದರೆ ಹತ್ತು. ಎರಡೂ ಸರಿ.

ಇನ್ನೊಂದು ಮಾತು. ಆ ಕಾಲದ ಬ್ರಿಟಿಷ್ ಲೆಕ್ಕದಲ್ಲಿ 'ಗೆಲುವು' ಅಂದರೆ ಶತ್ರು ವಿಮಾನ ಪುಡಿಯಾಯಿತು ಅಂತಲೇ ಅಲ್ಲ. 'ಹತೋಟಿ ತಪ್ಪಿ ಕೆಳಗೆ ಹೋಯಿತು' ಅನ್ನುವುದೂ ಲೆಕ್ಕಕ್ಕೆ ಸೇರುತ್ತಿತ್ತು, ಜೊತೆಗಾರರೊಂದಿಗೆ ಹಂಚಿಕೊಂಡದ್ದೂ ಸೇರುತ್ತಿತ್ತು. ರಾಯ್ ಹತ್ತರಲ್ಲಿ ಅರ್ಧ ಹತೋಟಿ ತಪ್ಪಿದವು. ಎರಡೂ ಪಕ್ಷದವರು ಹೊಡೆದೆವು ಅಂದದ್ದನ್ನು ಎದುರಾಳಿ ಕಳೆದುಕೊಂಡದ್ದಕ್ಕೆ ತಾಳೆ ನೋಡಿದರೆ ಯಾವತ್ತೂ ಹೊಂದಲ್ಲ. ಇದು ರಾಯ್ ಒಬ್ಬನ ವಿಷಯವಲ್ಲ, ಆ ಯುದ್ಧದ ಎಲ್ಲ ಏಸ್‌ಗಳ ವಿಷಯ. ಇದನ್ನು ಹೇಳಿದರೆ ಅವನ ಧೈರ್ಯ ಕಡಿಮೆ ಆಗಲ್ಲ, ಹೇಳದೆ ಬಿಟ್ಟರೆ ನಾವು ಫಾರ್ವರ್ಡ್ ಮಂದಿ ಆಗ್ತೀವಿ.

ಜುಲೈ 22ರಂದು ಕಾರ್ವಾಂ ಊರಿನ ಮೇಲೆ ಜರ್ಮನ್ನರ 29ನೇ ಯುದ್ಧವಿಮಾನ ದಳದ ಫೋಕರ್‌ಗಳೊಂದಿಗೆ ಕಾಳಗವಾಯಿತು. ರಾಯ್ ವಿಮಾನ ಬೆಂಕಿ ಹತ್ತಿ ಜರ್ಮನ್ನರ ಹಿಡಿತದಲ್ಲಿದ್ದ ನೆಲಕ್ಕೆ ಬಿತ್ತು. ಇಪ್ಪತ್ತು ತುಂಬಲು ಇನ್ನೂ ನಾಲ್ಕು ತಿಂಗಳ ಮೇಲಿತ್ತು. ಮೆಕೆಲ್‌ರಾಯ್ ಕೂಡ ಉಳಿಯಲಿಲ್ಲ, ಒಂಬತ್ತೇ ದಿನಕ್ಕೆ, ಜುಲೈ 31ರಂದು, ನೆಲದಿಂದ ಬಂದ ಗುಂಡಿಗೆ ಸಿಕ್ಕಿದ. ರಾಯ್‌ಗೆ ಪದಕ ಪ್ರಕಟವಾದದ್ದು ಸೆಪ್ಟೆಂಬರ್ 21ರಂದು.

ಅದೇ ಜುಲೈನಲ್ಲಿ ಗುಜರಾತಿನಲ್ಲಿ

ಈಗ ಗ್ರೂಪಿನ ಜಗಳಕ್ಕೆ ಬರೋಣ. ದೇಶಭಕ್ತನೋ, ಸಾಮ್ರಾಜ್ಯದ ಆಳೋ?

ರಾಯ್ ಹಾರಾಡುತ್ತಿದ್ದ ಅದೇ ದಿನಗಳಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಒಬ್ಬರು ಹಳ್ಳಿ ಹಳ್ಳಿ ನಡೆದು ಬ್ರಿಟಿಷ್ ಸೇನೆಗೆ ಸೇರಿ ಅಂತ ಜನರನ್ನು ಕೇಳುತ್ತಿದ್ದರು. ಅವರ ಹೆಸರು ಮೋಹನದಾಸ ಗಾಂಧಿ. ಹೌದು, ಅಹಿಂಸೆಯ ಗಾಂಧಿ. ಕೆಲವೇ ತಿಂಗಳ ಹಿಂದೆ ಕಂದಾಯ ಸತ್ಯಾಗ್ರಹದಲ್ಲಿ ಅವರಿಗೆ ಎತ್ತಿನಗಾಡಿ ಕೊಟ್ಟ ರೈತರು ಈಗ ದುಡ್ಡು ಕೊಟ್ಟರೂ ಗಾಡಿ ಕೊಡಲಿಲ್ಲ. ಯುದ್ಧದಲ್ಲಿ ಬ್ರಿಟನ್ನಿಗೆ ನೆರವಾದರೆ ಸ್ವರಾಜ್ಯದ ಹಾದಿ ಹತ್ತಿರವಾಗುತ್ತೆ ಅನ್ನೋದು ಅವರ ಲೆಕ್ಕಾಚಾರ. ತಿಲಕರದ್ದು ಇನ್ನೂ ಖಡಕ್ ಲೆಕ್ಕ: ಭಾರತೀಯರಿಗೂ ಅಧಿಕಾರಿ ಹುದ್ದೆ ಕೊಡುತ್ತೇವೆ ಅಂತ ಸರ್ಕಾರದಿಂದ ಗಾಂಧಿ ಮಾತು ತೆಗೆದುಕೊಂಡು ಬರಲಿ, ನಾನು ಮಹಾರಾಷ್ಟ್ರದಿಂದ 5,000 ಮಂದಿ ಕೊಡುತ್ತೇನೆ ಅಂದು, ಜಾಮೀನಾಗಿ 50,000 ರೂಪಾಯಿಯ ಚೆಕ್ ಕಳಿಸಿದರು. ಸಹಾಯದಲ್ಲಿ ಚೌಕಾಸಿ ಬೇಡ ಅಂತ ಗಾಂಧಿ ಚೆಕ್ ವಾಪಸ್ ಕಳಿಸಿದರು.

ಅಂದರೆ ಸೈನಿಕ ಅಧಿಕಾರಿಯ ಹುದ್ದೆ ಅನ್ನೋದು ಆಗ ಸಂಬಳದ ವಿಷಯವಲ್ಲ, ರಾಜಕೀಯದ ವಿಷಯ. 'ನೀವು ನಾಯಕತ್ವಕ್ಕೆ ಲಾಯಕ್ಕಿಲ್ಲ' ಅನ್ನುವ ಆಳುವವರ ವಾದಕ್ಕೆ ಉತ್ತರ ಅದು. ರಾಯ್ ಇದನ್ನೆಲ್ಲ ಯೋಚಿಸಿ ಹಾರಿದ ಅಂತ ನಾನು ಹೇಳೋದಿಲ್ಲ. ಲಂಡನ್ನಿನಲ್ಲಿ ಬೆಳೆದ ಹುಡುಗ, ಶಾಲೆಯ ಗೆಳೆಯರೆಲ್ಲ ಯುದ್ಧಕ್ಕೆ ಹೋದರು, ಇವನೂ ಹೋದ ಅಂತಲೇ ನನಗನಿಸೋದು. ಅವನ ಬಾಯಿಗೆ 'ಜೈ ಹಿಂದ್' ತುರುಕುವುದು ಎಷ್ಟು ತಪ್ಪೋ, ನೂರು ವರ್ಷದ ನಂತರ ಕೂತು ಗುಲಾಮ ಅನ್ನೋದೂ ಅಷ್ಟೇ ತಪ್ಪು. ಆ ಜುಲೈನಲ್ಲಿ ಗಾಂಧಿಗೇ ದಾರಿ ಸ್ಪಷ್ಟ ಇರಲಿಲ್ಲ ಅಂದರೆ ಹತ್ತೊಂಬತ್ತರ ಹುಡುಗನಿಂದ ಏನು ನಿರೀಕ್ಷಿಸ್ತೀರಿ?

ನನಗೆ ಸಿಟ್ಟು ಬರೋದು ಬೇರೆ ಕಡೆ. ಆ ನಾಲ್ವರನ್ನೇ ನೋಡಿ. ಹರ್ದಿತ್ ಸಿಂಗ್ ಮಲಿಕ್ ಆಕ್ಸ್‌ಫರ್ಡ್ ವಿದ್ಯಾರ್ಥಿ. ಬ್ರಿಟಿಷರು ಮೊದಲು ಸೇರಿಸಿಕೊಳ್ಳಲಿಲ್ಲ. ಫ್ರೆಂಚ್ ರೆಡ್ ಕ್ರಾಸಿನ ಆಂಬುಲೆನ್ಸ್ ಓಡಿಸಿದರು, ಫ್ರೆಂಚ್ ವಾಯುದಳವೇ ತೆಗೆದುಕೊಳ್ಳಲು ತಯಾರಾದಾಗ ಅವರ ಗುರುಗಳೊಬ್ಬರು ಬ್ರಿಟಿಷ್ ವಾಯುದಳದ ಮುಖ್ಯಸ್ಥರಿಗೆ ಪತ್ರ ಬರೆದ ಮೇಲಷ್ಟೇ ಬಾಗಿಲು ತೆರೆಯಿತು. ಪೇಟದ ಮೇಲೆ ಕೂರುವ ದೊಡ್ಡ ಹೆಲ್ಮೆಟ್ ಹಾಕಿ ಹಾರುತ್ತಿದ್ದರು. 1917ರ ಅಕ್ಟೋಬರ್ 26ರಂದು ಕಾಲಿಗೆ ಗುಂಡು ಬಿತ್ತು, ವಿಮಾನಕ್ಕೆ ನೂರಾರು ತೂತು, ಆದರೂ ತಮ್ಮವರ ಕಡೆಗೇ ಇಳಿಸಿ ಬದುಕಿದರು. ಮುಂದೆ ಸ್ವತಂತ್ರ ಭಾರತದ ರಾಯಭಾರಿಯಾಗಿ ಅದೇ ಫ್ರಾನ್ಸಿಗೆ ಹೋದರು, 1985ರ ತನಕ ಬಾಳಿದರು. ಬೊಂಬಾಯಿಯ ಶ್ರೀಕೃಷ್ಣ ವೆಲಿಂಗ್ಕರ್ 1918ರ ಜೂನ್ ಕೊನೆಯಲ್ಲಿ ಗಾಯಗಳಿಂದ ತೀರಿಕೊಂಡರು. ಎರಲ್ ಚುಂದರ್ ಸೇನ್ ಜರ್ಮನ್ನರ ಸೆರೆಯಾದರು.

ನಾಲ್ವರಲ್ಲಿ ಇಬ್ಬರು ಸತ್ತರು, ಒಬ್ಬ ಗಾಯಾಳು, ಒಬ್ಬ ಕೈದಿ. ಭಾರತೀಯರಿಗೆ ವಿಮಾನ ಹಾರಿಸುವ ಯೋಗ್ಯತೆ ಇದೆಯೇ ಅನ್ನೋ ಪ್ರಶ್ನೆಗೆ ಇದಕ್ಕಿಂತ ಪುರಾವೆ ಬೇಕಿತ್ತಾ? ಆದರೂ ಯುದ್ಧ ಮುಗಿದ ಮೇಲೆ ಆ ಸಂದಿಯೂ ಮುಚ್ಚಿಕೊಂಡಿತು. ಭಾರತೀಯ ವಾಯುಪಡೆ ಕಾಗದದ ಮೇಲೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು, ಅಂದರೆ ರಾಯ್ ಸತ್ತು ಹದಿನಾಲ್ಕು ವರ್ಷಕ್ಕೆ. ಅದರ ಮೊದಲ ತುಕಡಿ ಕರಾಚಿಯಲ್ಲಿ ರೂಪುಗೊಂಡದ್ದು 1933ರ ಏಪ್ರಿಲ್ 1ರಂದು, ನಾಲ್ಕು ವಾಪಿಟಿ ವಿಮಾನಗಳೊಂದಿಗೆ. ರಾಯ್ ಅಪವಾದವಾಗಿ ಒಳಗೆ ಬಂದ, ಅಪವಾದವಾಗಿಯೇ ಉಳಿದ. ಪದಕ ಅವನಿಗೆ ಸಿಕ್ಕಿತು, ಹಕ್ಕು ಯಾರಿಗೂ ಸಿಗಲಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಆ ಯುದ್ಧಕ್ಕೆ ಭಾರತದಿಂದ ಹೋದವರು ಸುಮಾರು 13 ಲಕ್ಷ, ಸತ್ತವರು ಸುಮಾರು 74,000. ಸಿಪಾಯಿಯ ಸಂಬಳ ತಿಂಗಳಿಗೆ 11 ರೂಪಾಯಿ. ರಾಯ್ ಬಿದ್ದ ಜಾಗದಿಂದ ಹೆಚ್ಚು ದೂರವಿಲ್ಲದ ನವ್ ಶಾಪೆಲ್‌ನಲ್ಲಿ 1915ರ ಮಾರ್ಚ್‌ನಲ್ಲಿ ಭಾರತೀಯ ಪಡೆಗಳು ಕಾದಾಡಿದವು. ಅಲ್ಲಿನ ಸ್ಮಾರಕದ ಗೋಡೆಯ ಮೇಲೆ ಸಮಾಧಿಯೇ ಸಿಗದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಅವರಲ್ಲಿ ಯಾರ ಅಮ್ಮನ ಫೋಟೋ ನಮ್ಮ ಹತ್ತಿರ ಇದೆ? ಯಾರು ಬೈಕ್ ಮಾರಿದರು ಅನ್ನೋ ಕತೆ ಗೊತ್ತು? ಬೆಂಗಳೂರಿನವರಿಗಾದರೆ ಇದು ಮನೆ ಪಕ್ಕದ ವಿಷಯ. ರಾಯ್‌ಗೆ ಪದಕ ಪ್ರಕಟವಾದ ಎರಡೇ ದಿನಕ್ಕೆ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಲ್ಯಾನ್ಸರ್ಸ್ ಜೋಧಪುರದವರ ಜೊತೆ ಕುದುರೆ ಮೇಲೆ ಹೈಫಾ ಪಟ್ಟಣಕ್ಕೆ ನುಗ್ಗಿದರು. ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಅದರ ಪಕ್ಕದಲ್ಲೇ ಸಿಗ್ನಲ್‌ನಲ್ಲಿ ಎಷ್ಟೋ ಸಲ ಗಾಡಿ ನಿಲ್ಲಿಸಿಕೊಂಡು ಫೋನ್ ನೋಡುತ್ತ ನಿಂತವನು ನಾನು, ಒಂದು ಹೆಸರನ್ನೂ ಓದಿರಲಿಲ್ಲ.

ರಾಯ್ ಹೆಸರಲ್ಲಿ ಕೋಲ್ಕತ್ತಾದ ಭವಾನಿಪುರದಲ್ಲಿ ಒಂದು ರಸ್ತೆ ಇದೆ. 1998ರಲ್ಲಿ, ಅವನ ಜನ್ಮ ಶತಮಾನೋತ್ಸವಕ್ಕೆ, ಅಂಚೆ ಇಲಾಖೆ ಚೀಟಿ ಹೊರಡಿಸಿತು. ಸಮಾಧಿ ಇರೋದು ಉತ್ತರ ಫ್ರಾನ್ಸಿನ ಗಣಿ ಸೀಮೆಯ ಎಸ್ತೆವೆಲ್ ಎಂಬ ಪುಟ್ಟ ಊರಿನ ಸಾರ್ವಜನಿಕ ಸ್ಮಶಾನದಲ್ಲಿ. ಅದರ ಮೇಲೆ ಬಂಗಾಳಿಯಲ್ಲೂ ಫ್ರೆಂಚ್‌ನಲ್ಲೂ ಬರೆಸಿದ್ದಾರೆ. ಇದು ಒಬ್ಬ ಮಹಾವೀರನ ಸಮಾಧಿ, ಗೌರವ ತೋರಿಸಿ, ಮುಟ್ಟಬೇಡಿ ಅಂತ ಅದರ ಅರ್ಥ.